ಒಗ್ಗರಣೆ ಇಲ್ಲದ ದಿನಗಳು

ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಬೇಕಾದರೆ ಅಪ್ಪನ ಅಪ್ಪಣೆ ಬೇಕಿತ್ತು. ಹೀಗಂದರೆ ಜನ ನಗುತ್ತಾರೆ, ನಗಲಿ. ನ್ಯಾಮತಿಯ ನಮ್ಮ ಮನೆ ಹಿತ್ತಲಲ್ಲಿ ಅಪ್ಪ ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುತ್ತಿದ್ದ. ಮದುವೆಗೆ ಕೊಡೋ ಬೀರು, ಟ್ರಂಕು, ಒಮ್ಮೊಮ್ಮೆ ಯಾರದಾದರೂ ಬೈಕಿನ ಟ್ಯಾಂಕು. ಗಾಳಿ ತುಂಬೋ ಕಂಪ್ರೆಸರ್ ಬಚ್ಚಲ ಗೋಡೆಗೆ ಒರಗಿಕೊಂಡು ಇಡೀ ಬೀದಿಗೆ ಕೇಳುವ ಹಾಗೆ ಗುಡುಗುಡು ಅನ್ನುತ್ತಿತ್ತು. ಅಡುಗೆಮನೆ ಕಿಟಕಿ ಸೀದಾ ಹಿತ್ತಲಿಗೇ ತೆರೆಯುತ್ತಿತ್ತು, ಪೀಕಲಾಟ ಇದ್ದದ್ದು ಅಲ್ಲೇ. ಬಣ್ಣಕ್ಕೂ ಎಣ್ಣೆಗೂ ಆಗಿಬರುವುದಿಲ್ಲ. ಒಗ್ಗರಣೆ ಹೊಗೆಯೋ, ಜಿಡ್ಡು ಕೈಯೋ, ಕೊಬ್ಬರಿ ಎಣ್ಣೆ ಹಚ್ಚಿದ ತಲೆಯೋ, ಯಾವುದರಿಂದಲಾದರೂ ಚೂರು ಜಿಡ್ಡು ಹೋಗಿ ಕೂತರೆ ಸಾಕು, ಮೇಲೆ ಹೊಡೆದ ಬಣ್ಣ ಅಲ್ಲಿ ನಿಲ್ಲದೆ ಸುತ್ತಲೂ ಸರಿದುಕೊಂಡು ಸಾಸಿವೆ ಕಾಳಿನಷ್ಟು ಕುಳಿ ಬೀಳುತ್ತದೆ. ಅಪ್ಪ ಅದಕ್ಕೆ ‘ಕಣ್ಣು ಬಿಡೋದು’ ಅನ್ನುತ್ತಿದ್ದ. ಬಣ್ಣ ಕಣ್ಣು ಬಿಟ್ಟ ದಿನ ಮನೆಯಲ್ಲಿ ಯಾರೂ ಅವನಿಗೆ ಎದುರು ಮಾತಾಡುತ್ತಿರಲಿಲ್ಲ.

ಅವ್ವನೊಬ್ಬಳನ್ನು ಬಿಟ್ಟು. ಅವ್ವ ಜಗಳೂರು ಕಡೆಯವಳು. ಸಾಸಿವೆ ಸಿಡಿದ ಸದ್ದು ಕೇಳದಿದ್ದರೆ ಅವಳಿಗೆ ಅದು ಊಟವೇ ಅಲ್ಲ. ಬಣ್ಣದ ದಿನ ನಮಗೆ ಮುದ್ದೆ, ಬೇಳೆಕಟ್ಟು, ಮಜ್ಜಿಗೆ. ನಂಚಿಕೊಳ್ಳಲು ಸುಟ್ಟ ಮೆಣಸಿನಕಾಯಿ ಕೂಡ ಇಲ್ಲ, ಅದರ ಘಾಟಿಗೆ ಅಪ್ಪ ಕೆಮ್ಮಿದರೆ ಕೈಯಲ್ಲಿನ ಬಣ್ಣ ಸಿಂಪಡಿಸೋ ಗನ್ನು ಅಲ್ಲಾಡುತ್ತದಂತೆ. ಅಂಗಳ ಗುಡಿಸೋ ಹಾಗಿಲ್ಲ, ನೀರು ಚಿಮುಕಿಸಿ ಧೂಳು ಕೂರಿಸಬೇಕು. ಹಾಸಿಗೆ ಕೊಡವೋ ಹಾಗಿಲ್ಲ. ಶೈಲಕ್ಕ ಮತ್ತು ನಾನು, ಇಬ್ಬರೂ ಹೆಣ್ಣುಮಕ್ಕಳು ತಲೆಗೆ ಎಣ್ಣೆ ಕಾಣಿಸದೆ ಕೆದರಿದ ಕೂದಲಲ್ಲೇ ಸ್ಕೂಲಿಗೆ ಹೋಗಬೇಕು. ಹಿತ್ತಲಲ್ಲಿ ಕಂಪ್ರೆಸರ್ ಶುರುವಾದ ಕೂಡಲೇ ಅವ್ವ ಒಗ್ಗರಣೆ ಸೌಟನ್ನು ಗೋಡೆಯ ಮೊಳೆಗೆ ಠಣ್ ಅಂತ ಸಿಗಿಸಿ ಕಿಟಕಿಯಲ್ಲಿ ಮುಖ ಇಡುತ್ತಿದ್ದಳು.

“ಬೀರು ಒಣಗೋ ತನಕ ನಾವೂ ಒಣಗ್ಬೇಕೇನ್ರೀ?”

“ಒಂದು ಹೊತ್ತು ಸುಮ್ನಿರೇ ಮಾರಾಯ್ತಿ. ಗಾಳಿ ಏಳೋ ಮೊದ್ಲು ಮುಗಿಸ್ತೀನಿ.”

“ನಿಮ್ಮ ಗಾಳಿ ಯಾವಾಗ ಏಳ್ತೈತೋ, ಯಾವಾಗ ಮಲಗ್ತೈತೋ. ನನ್ನ ಸಾರು ಮಾತ್ರ ದಿನಾ ಮಲಗಿರ್ತೈತೆ.”

ನಡುಮನೆಯಲ್ಲಿ ದೇವರ ಜಗಲಿಯ ಪಕ್ಕ ಅಜ್ಜಿ, ಅಪ್ಪನ ತಾಯಿ, ಕೂತಿರುತ್ತಿದ್ದಳು. ಬೆಳಗ್ಗೆ ಎದ್ದು ಮಿಂದು, ದೀಪ ಹಚ್ಚಿ, ಹಣೆ ತುಂಬ ವಿಭೂತಿ ಧರಿಸಿ ಕೂತರೆ ಅವಳ ಬಾಯಿಗೆ ಇಡೀ ಮನೆ ಆಹಾರ. ಮಗನನ್ನೂ ಬೈಯುತ್ತಿದ್ದಳು, ಸೊಸೆಯನ್ನೂ ಬೈಯುತ್ತಿದ್ದಳು, ಬೈಯೋಕೆ ಯಾರೂ ಸಿಗದಿದ್ದರೆ ದೀಪದ ಬತ್ತಿಯನ್ನು ಬೈಯುತ್ತಿದ್ದಳು. ಅವಳ ಮಾತಿಗೆ ಹೆದರಿ ನೆಂಟರು ಬಂದರೂ ಜಾಸ್ತಿ ಹೊತ್ತು ಕೂರುತ್ತಿರಲಿಲ್ಲ. ನನಗೆ ಮಾತ್ರ ಅವಳನ್ನು ಕಂಡರೆ ಆಗ ಸಿಟ್ಟೂ ಇತ್ತು, ಪ್ರೀತಿಯೂ ಇತ್ತು, ಯಾವುದು ಯಾವಾಗ ಬರುತ್ತೆ ಅಂತ ನನಗೇ ಗೊತ್ತಿರುತ್ತಿರಲಿಲ್ಲ.

ಅಪ್ಪ ಹೊಳಪು ಪರೀಕ್ಷೆ ಮಾಡೋ ರೀತಿ ಹೇಳಬೇಕು. ಪಾಲಿಶ್ ಮುಗಿದ ಮೇಲೆ ನನ್ನನ್ನು ಕರೆದು ಬೀರು ಬಾಗಿಲ ಮುಂದೆ ನಿಲ್ಲಿಸುತ್ತಿದ್ದ. “ಕಿಸಿ” ಅನ್ನುತ್ತಿದ್ದ. ನಾನು ಕಿಸಿಯಬೇಕು. “ಹಲ್ಲು ಕಾಣ್ತಾವಾ?” ಕಾಣ್ತಾವೆ ಅಂದರೆ ಮುಗಿಯಲಿಲ್ಲ, ಮುಂದಿನ ಉಬ್ಬು ಹಲ್ಲು ಉಬ್ಬಾಗಿಯೇ ಕಾಣುತ್ತಾ ಅಂತ ಕೇಳುತ್ತಿದ್ದ. ಕಂಡರೆ ಮಾತ್ರ ಬೀರು ಮನೆಯಿಂದ ಹೊರಗೆ. ಒಮ್ಮೆ ಅಜ್ಜಿಯನ್ನೂ ಕರೆದು ನಿಲ್ಲಿಸಿದ್ದ, “ನನ್ನ ಬಾಯಾಗೆ ಇದ್ರೆ ತಾನೇ ಕಾಣೋದು” ಅಂದು ಅವಳು ಎದ್ದು ಹೋದಳು. ಸೂಜಿಮೊನೆಯಷ್ಟು ಧೂಳು ಕೂತಿದ್ದರೂ ಅಪ್ಪ ಆ ಬಾಗಿಲನ್ನು ಕೊಡುತ್ತಿರಲಿಲ್ಲ, ಮತ್ತೆ ಉಜ್ಜಿ ಮತ್ತೆ ಹೊಡೆಯುತ್ತಿದ್ದ. ಗಿರಾಕಿಗಳು ಬೇಡ ಬಿಡ್ರಿ, ಯಾರು ನೋಡ್ತಾರೆ ಅಂದರೂ ಕೇಳುತ್ತಿರಲಿಲ್ಲ.

ಇಂಥ ಮನೆಗೆ ಗಿಟಾರು ಬಂತು. ಶೈಲಕ್ಕ ಆಗ ಹೊನ್ನಾಳಿ ಕಾಲೇಜಿಗೆ ಬಸ್ಸಲ್ಲಿ ಹೋಗಿಬರುತ್ತಿದ್ದಳು. ಅಲ್ಲಿನ ಮೇಡಮ್ ಒಬ್ಬರು ಬಿಡುವಿನಲ್ಲಿ ಗಿಟಾರು ಕಲಿಸಿದ್ದರು. ಅವರು ವರ್ಗವಾಗಿ ಹೋಗುವಾಗ ತಮ್ಮ ಹಳೆಯದನ್ನು ಇವಳಿಗೇ ಕೊಟ್ಟು ಹೋದರು. ಮೈಯೆಲ್ಲ ಬಣ್ಣ ಎದ್ದು, ಹೊಟ್ಟೆಯ ಹಲಗೆ ಬಿಸಿಲಿಗೆ ಬಿರುಕು ಬಿಟ್ಟು, ಗೆದ್ದಲು ಹತ್ತಿದ ಗೋಡೆ ತರ ಇತ್ತು ಅದು. ಆದರೆ ಅಕ್ಕ ನುಡಿಸಿದರೆ ನಮ್ಮ ಬೀದಿಯೇ ಸುಮ್ಮನಾಗುತ್ತಿತ್ತು. ಅಕ್ಕನಿಗೆ ಹೊಗಳಿಕೆ ಬೇಕಿರಲಿಲ್ಲ, ನುಡಿಸಬೇಕಿತ್ತು ಅಷ್ಟೆ. ಆ ಮೇಲೆ ಒಂದು ಸಂಜೆ ರಹಮತ್ ಮಾಮ ಬಂದರು. ಹಗಲು ಪೇಟೆಯಲ್ಲಿ ಟೈಲರ್, ಹಬ್ಬಹರಿದಿನಕ್ಕೆ ಸುತ್ತಲಿನ ಊರುಗಳಲ್ಲಿ ಆರ್ಕೆಸ್ಟ್ರಾ ನಡೆಸುವವರು. ಅಪ್ಪನಿಗೆ ಹಳೇ ದೋಸ್ತು. ಚಹಾ ಮುಗಿಸಿ, ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು.

“ಹೊನ್ನಾಳಿಯಾಗೆ ರಾಜ್ಯೋತ್ಸವದ ಪ್ರೋಗ್ರಾಮ್ ಐತೆ. ಗಿಟಾರ್ ನುಡಿಸೋನು ಕೈಕೊಟ್ಟಾನೆ. ಶೈಲಾನ ಕಳಿಸ್ರಿ. ನನ್ನ ಬೇಟಿ ತರ ನೋಡ್ಕಂತೀನಿ.”

ಅಪ್ಪ ಉತ್ತರ ಕೊಡುವ ಮೊದಲೇ ಅಜ್ಜಿ ಜಗಲಿ ಹತ್ತಿರದಿಂದ ಗುಡುಗಿದಳು.

“ಸ್ಟೇಜ್ ಹತ್ತಿ ಆ ಹೊಟ್ಟೆ ತೂತಿನ ಪೆಟ್ಟಿಗೆ ಬಡಿಯಾಕೆ ನಮ್ಮ ಮನೆ ಹುಡುಗೀನೇ ಬೇಕೇನಪ್ಪಾ? ಇಡೀ ಹೊನ್ನಾಳಿ ನೋಡಾಕೆ ಬರ್ತೈತೆ!”

“ನೋಡ್ಲಿ ಅಂತಾನೇ ಅಲ್ವಾ ಅಮ್ಮಾ ಸ್ಟೇಜ್ ಕಟ್ಟೋದು” ಅಂದರು ರಹಮತ್ ಮಾಮ. ಪಾಪ, ಅವರಿಗೆ ಅಜ್ಜಿಯ ಭಯ ಇರಲಿಲ್ಲ.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಉಗುರು ಬೆಳ್ಳಗಾಗಿತ್ತು. ಬೇಡ ಅಂದರೆ ಅವಳು ಅಳುವವಳಲ್ಲ, ಗಿಟಾರು ಅಟ್ಟದ ಮೇಲಿಟ್ಟು ಮತ್ತೆ ಮುಟ್ಟದ ಪೈಕಿ. ಅದು ಅಪ್ಪನಿಗೂ ಗೊತ್ತಿತ್ತು. ಅವನು ಗಿಟಾರನ್ನು ಕೈಗೆ ತಗೊಂಡು ಕಿಟಕಿ ಬೆಳಕಿಗೆ ಓರೆ ಮಾಡಿ ಹಿಡಿದು ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿದ.

“ಇದನ್ನ ಹಿಡ್ಕಂಡು ನನ್ನ ಮಗಳು ಸ್ಟೇಜ್ ಹತ್ತಬಾರ್ದು. ಬಣ್ಣ ಹೊಡೆದು ಕೊಡ್ತೀನಿ. ಆಮೇಲೆ ನೋಡಾನ.”

ಯಾವ ಬಣ್ಣ ಅಂತ ಕೇಳಿದ. ಅಕ್ಕ ಕರೀದು ಅಂದಳು. ಅಪ್ಪನ ಮುಖ ಸಣ್ಣಗಾಯಿತು. ಬೂದಿ ಬಣ್ಣ, ಹಸಿರು ಬಣ್ಣ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ, ಕರಿ ಬಣ್ಣ ಎಲ್ಲವನ್ನೂ ಚಾಡಿ ಹೇಳುತ್ತದೆ. ಆದರೂ ಆಯ್ತು ಅಂದ.

ಆ ದಿನಗಳನ್ನು ನೆನೆದರೆ ನನಗೆ ಈಗಲೂ ಥಿನ್ನರಿನ ವಾಸನೆ ಬರುತ್ತದೆ. ಹಳೇ ಬಣ್ಣ ಪೂರ್ತಿ ಕೆರೆದು ಮರ ಕಾಣೋ ತನಕ ತಿಕ್ಕಿದೆವು. ಬಿರುಕಿಗೆ ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ತಿಕ್ಕಿದೆವು. ತಂತಿಗಳನ್ನು ಬಿಚ್ಚಿ ಅಕ್ಕ ಹಳೇ ವೇಲಿನಲ್ಲಿ ಸುತ್ತಿಟ್ಟಳು. ಹೊಟ್ಟೆಯ ತೂತಿಗೆ ಪೇಪರ್ ತುರುಕಿದೆವು. ಬಣ್ಣಕ್ಕೆ ಮೊದಲು ಬಳಿಯೋ ಅಸ್ತರು ಹೊಡೆದು ನೀರಲ್ಲಿ ನೆನೆಸಿದ ಉಜ್ಜುಕಾಗದದಿಂದ ತಿಕ್ಕಿದರೆ ಬಿಳಿ ಹಾಲು ಇಳಿಯುತ್ತಿತ್ತು. ಹೊಳಪು ಮೇಲಿಂದ ಬರಲ್ಲ, ಕೆಳಗಿಂದ ಬರ್ತೈತೆ ಅಂತ ಅಪ್ಪನ ವಾದ, ಕೆಳಗಿನ ಮೈ ಕನ್ನಡಿ ಆಗದಿದ್ದರೆ ಮೇಲೆ ಎಷ್ಟು ಹೊಡೆದರೂ ಅದು ಬರೀ ಒದ್ದೆ ಬಣ್ಣ ಅಂತೆ. ನೆಲಕ್ಕೆ ಕೆನ್ನೆ ಒತ್ತಿ, ಮೈಯನ್ನು ಓರೆಗಣ್ಣಲ್ಲಿ ನೋಡಿ ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ ಹೇಳೋ ಕೆಲಸ ನನ್ನದು. ನನ್ನಷ್ಟು ಚೂಪು ಕಣ್ಣು ಮನೆಯಲ್ಲಿ ಯಾರಿಗೂ ಇರಲಿಲ್ಲ. ಜಂಬ ಅಂದುಕೊಳ್ಳಿ ಬೇಕಾದರೆ. ಕರಿ ಬಣ್ಣವನ್ನು ಅಪ್ಪ ಹಾಲಿನಷ್ಟು ತೆಳ್ಳಗೆ ಕಲಸಿ, ಬೆಳಗ್ಗೆ ಇಬ್ಬನಿ ಆರಿದ ಮೇಲೆ ಗಾಳಿ ಏಳುವ ಮುಂಚೆ ಒಂದೊಂದೇ ಪದರ ಹೊಡೆದ. ಒಂದು ಪದರ ಹೊಡೆದು, ಒಣಗಿದ ಮೇಲೆ ಅದನ್ನೇ ತಿಕ್ಕಿ ಮಂಕು ಮಾಡಿ, ಮತ್ತೊಂದು ಪದರ. ಅದು ಮೆಕ್ಕೆಜೋಳ ಒಕ್ಕುವ ಕಾಲ. ರಸ್ತೆ ತುಂಬ ಜೋಳ ಹರವಿದ್ದರು, ಪಕ್ಕದ ಕಣದಿಂದ ಹೊಟ್ಟು ಹಾರಿ ಬರುತ್ತಿತ್ತು. ಅಪ್ಪ ಹಿಂದಿನ ಪಡಸಾಲೆಗೆ ಒದ್ದೆ ಗೋಣಿಚೀಲ ಇಳಿಬಿಟ್ಟು, ಒಳಗೆ ತಂತಿಯಲ್ಲಿ ಗಿಟಾರನ್ನು ನೇತುಹಾಕಿದ್ದ. ಅಷ್ಟೂ ದಿನ ಒಗ್ಗರಣೆ ಬಂದ್. ಆದರೆ ಅವ್ವ ಈ ಸಲ ಮಾತ್ರ ಸೌಟು ಬಡಿಯಲಿಲ್ಲ. “ಶೈಲಾಗೋಸ್ಕರ” ಅಂದು ಸಪ್ಪೆ ಸಾರು ಬಡಿಸಿ, ತಾನೂ ಅದನ್ನೇ ಉಂಡಳು.

ದಸರೆ ಹತ್ತಿರ ಬಂತು. ಆ ವರ್ಷ ದಸರೆ ತಡವಾಗಿತ್ತು, ರಾಜ್ಯೋತ್ಸವ ಅದರ ಬೆನ್ನಿಗೇ ಇತ್ತು. ನನ್ನ ಕಣ್ಣಿಗೆ ಬಣ್ಣ ಸಾಕಾಗಿತ್ತು. ಅಪ್ಪ ಮಾತ್ರ “ಇನ್ನೊಂದು ಕೈ” ಅನ್ನುತ್ತಿದ್ದ. ಒಣಗಿದ ಮೇಲೆ ಮತ್ತೆ “ಇನ್ನೊಂದು ಕೈ”. ಅಕ್ಕ ದಿನಾ ಕಾಲೇಜಿನಿಂದ ಬಂದವಳೇ ಗೋಣಿಚೀಲ ಸರಿಸಿ ನೋಡಿ ಒಳಗೆ ಹೋಗುತ್ತಿದ್ದಳು. ರಹಮತ್ ಮಾಮ ಎರಡು ಸಲ ಬಂದು ಪ್ರಾಕ್ಟೀಸಿಗೆ ಕಳಿಸ್ರೀ ಅಂದು ಹೋದರು. ತಂತಿಯಿಲ್ಲದ ಗಿಟಾರು ತಗೊಂಡು ಹೋಗೋದು ಹೇಗೆ?

ಆಯುಧಪೂಜೆ ದಿನ ಹಿತ್ತಲು ತೊಳೆದು ಅಪ್ಪನ ಸಾಮಾನೆಲ್ಲ ಸಾಲಾಗಿ ಇಟ್ಟೆವು. ಸ್ಪ್ರೇ ಗನ್ನು, ಕಂಪ್ರೆಸರು, ಪುಟ್ಟಿ ಬಳಿಯೋ ಪಟ್ಟಿ, ಸೈಕಲ್ಲು, ಕೊನೆಗೆ ಅವ್ವನ ಹಟಕ್ಕೆ ಒಗ್ಗರಣೆ ಸೌಟು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಗಿಟಾರಿಗೆ ಮಾತ್ರ ಬೇಡ ಅಂದ ಅಪ್ಪ. “ನಾಳೆ ಕಡೇ ಕೋಟು. ಯಾರೂ ಕೈ ಹಚ್ಚಬ್ಯಾಡ್ರಿ.” ಹಬ್ಬದ ದಿನ ಬಣ್ಣದ ಕೆಲಸ ಇಲ್ಲವಲ್ಲ, ಅವ್ವ ಅಪ್ಪಣೆ ತಗೊಂಡೇ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದಳು. ಆ ಸಾಸಿವೆ ಸದ್ದಿಗೆ ನಾವೆಲ್ಲ ಅಡುಗೆಮನೆಗೆ ಓಡಿ ಹೋಗಿ ನಿಂತೆವು. ಅಷ್ಟು ರುಚಿಯ ಚಿತ್ರಾನ್ನ ಆಮೇಲೆ ನಾನು ತಿಂದಿಲ್ಲ.

ಮರುದಿನ ಬೆಳಗ್ಗೆ ಅಪ್ಪ ಕಡೇ ಪದರ ಹೊಡೆದ. ಬಣ್ಣ ನೀರಿನ ಹಾಗೆ ಹರಡಿಕೊಂಡಿತು. ನಾನು ಪಕ್ಕದಿಂದ ಓರೆಯಾಗಿ ನೋಡುತ್ತಾ ನಿಂತಿದ್ದೆ. ಕೆಳಗಿನ ಬಲಮೂಲೆಯಲ್ಲಿ ಒಂದು ಚುಕ್ಕೆ ತೆರೆಯಿತು. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಿದ್ದಂತೆ ಸಾಲಾಗಿ, ಅಡ್ಡಡ್ಡ, ಬಣ್ಣ ಹಿಂದೆ ಸರಿಯುತ್ತಾ ಹೋಯಿತು.

“ಅಪ್ಪಾ, ಕಣ್ಣು ಬಿಡ್ತೈತೆ!”

ಅಪ್ಪ ಗನ್ನು ಕೆಳಗಿಟ್ಟ. ಅಡುಗೆಮನೆ ಕಿಟಕಿ ಕಡೆ ತಿರುಗಿದ.

“ನಿನ್ನ ನಾಲಿಗೆ ಚಪಲಕ್ಕೆ ಬೆಂಕಿ ಬೀಳ! ಒಂದು ದಿನ ತಡ್ಕಳಾಕೆ ಆಗ್ಲಿಲ್ಲ ಅಲ್ಲ?”

ಅವ್ವ ಹೊರಗೆ ಬಂದಳು. ಅವಳು ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಕಣ್ಣು ತುಂಬಿಕೊಂಡಿದ್ದಳು.

“ಇಷ್ಟು ದಿನ ಸಪ್ಪೆ ಉಂಡಿದ್ದು ಯಾರಿಗೋಸ್ಕರ ರೀ? ಹಬ್ಬದ ದಿನ ನಿಮ್ಮನ್ನ ಕೇಳೇ ಹಾಕಿದ್ನಲ್ಲ!”

ಕಾಲೇಜಿಗೆ ರಜೆ, ಅಕ್ಕ ಮನೆಯಲ್ಲೇ ಇದ್ದಳು. ಗೋಣಿಚೀಲ ಸರಿಸಿ ಒಳಗೆ ಬಂದು ಆ ಕುಳಿಗಳನ್ನು ನೋಡಿದಳು. ಅಕ್ಕ ಜೋರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಅವ್ವನ್ನ ಯಾಕೆ ಬೈತೀಯ? ನಿನಗೆ ನನ್ನ ಕಳಿಸಾಕೆ ಮನಸ್ಸಿಲ್ಲ. ಇನ್ನೊಂದು ಕೈ, ಇನ್ನೊಂದು ಕೈ ಅಂತ ರಾಜ್ಯೋತ್ಸವ ದಾಟಿಸಾಕೆ ನೋಡ್ತಿದೀಯ. ಕಳಿಸಲ್ಲ ಅಂತ ಬಾಯಿ ಬಿಟ್ಟು ಹೇಳಪ್ಪಾ! ನಾನೇ ಇದನ್ನ ಅಟ್ಟಕ್ಕೆ ಹಾಕ್ತೀನಿ.”

ಅಪ್ಪ ತಲೆ ಬಗ್ಗಿಸಿದ. ಇಲ್ಲ ಅನ್ನಲಿಲ್ಲ. ಅವನು ಇಲ್ಲ ಅನ್ನುತ್ತಾನೆ ಅಂತ ನಾನು ಎಷ್ಟು ಕಾದೆನೋ! ನನಗೆ ಅವನ ಮೇಲೆ ಎಂಥ ಸಿಟ್ಟು ಬಂತು ಅಂದರೆ ಕೈಯಲ್ಲಿದ್ದ ಉಜ್ಜುಕಾಗದವನ್ನು ಎಸೆದುಬಿಟ್ಟೆ. ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದಳು. ಗಿಟಾರಿನ ಹತ್ತಿರ ಬಗ್ಗಿ ನೋಡಿದಳು. ನಡುವಿನ ಮೂರು ಬೆರಳು ಚಾಚಿ, ಮುಟ್ಟದೆ, ಆ ಕುಳಿಗಳ ಮೇಲೆ ಹಿಡಿದಳು. ಮೂರು ಸಾಲು, ಮೂರು ಬೆರಳು. ಒಂದಕ್ಕೊಂದು ಸರಿಯಾಗಿ ಕೂತಿತು.

“ನಂದೇ ಕೈ. ಸೊಸೀನ ಬೈಬ್ಯಾಡ.”

ಪೂಜೆ ದಿನ ನಾವೆಲ್ಲ ಚಿತ್ರಾನ್ನಕ್ಕೆ ಅಡುಗೆಮನೆಗೆ ಓಡಿದಾಗ ಅವಳು ಪಡಸಾಲೆಗೆ ಬಂದಿದ್ದಳಂತೆ. ದೀಪದ ಬತ್ತಿ ಮುಂದೆ ಮಾಡಿದ ಎಣ್ಣೆ ಕೈ, ಅದೇ ಕೈಯಲ್ಲಿ ವಿಭೂತಿ. ಗಿಟಾರಿಗೆ ಎಳೆದು, ಮಗ ಬೈತಾನೆ ಅಂತ ಸೆರಗಿನಿಂದ ಒರೆಸಿದ್ದಾಳೆ. ವಿಭೂತಿ ಹೋಯಿತು, ಎಣ್ಣೆ ಉಳಿಯಿತು.

“ಯವ್ವಾ, ಬ್ಯಾಡ ಅಂದಿದ್ನಲ್ಲ. ಅದೂ ಅಲ್ದೆ, ಇದನ್ನ ಕಂಡ್ರೆ ನಿಂಗಾಗಲ್ವಲ್ಲ!”

“ಆಗಲ್ಲ. ಆದ್ರೆ ಹುಡುಗಿ ಅಷ್ಟು ಜನರ ಮುಂದೆ ನಿಲ್ಲಾಕೆ ಹೋಗ್ತಾಳೆ. ಗನ್ನಿಗೆ ಪೂಜೆ ಮಾಡ್ದೆ, ಸೌಟಿಗೆ ಮಾಡ್ದೆ. ಅವಳ ಸಾಮಾನು ಒಂದನ್ನೇ ಹಂಗೇ ಬರಿಹಣೆಯಾಗೆ ಬಿಡ್ಲಾ?” ಅಂದಳು ಅಜ್ಜಿ. “ಬೈಯೋದು ಬ್ಯಾರೆ, ಕಳಿಸೋದು ಬ್ಯಾರೆ ಕಣೋ. ನಾನು ಬೈತೀನಿ. ನೀನು ಕಳಿಸು.”

ಅಪ್ಪ ಅಲ್ಲೇ ಕಂಪ್ರೆಸರ್ ಮೇಲೆ ಕೂತುಬಿಟ್ಟ. ಅಕ್ಕನ ಕಡೆ ನೋಡಿದ.

“ನೀನು ಅಂದಿದ್ದು ಖರೆ. ಕಡೇ ಎರಡು ಕೋಟು ಬೇಕಿರ್ಲಿಲ್ಲ. ಹೆದ್ರಿಕೆ ಕಣವ್ವ. ನಿನ್ನ ಬಗ್ಗೆ ಯಾರಾದ್ರೂ ಒಂದು ಮಾತು ಅಂದ್ರೆ ನನಗೆ ತಡ್ಕಳಾಕೆ ಆಗಲ್ಲ. ಬಣ್ಣ ಮುಗೀಲಿಲ್ಲ ಅಂದ್ರೆ ಮಾತು ಮುಗೀತು ಅಂದ್ಕಂಡಿದ್ದೆ.”

ಈಗ ಆ ಕುಳಿ ತೆಗೆಯಬೇಕಾದರೆ ಎಲ್ಲ ಉಜ್ಜಿ, ಮತ್ತೆ ಹೊಡೆದು, ಗಟ್ಟಿಯಾಗಲು ಬಿಟ್ಟು, ಆಮೇಲೆ ಪಾಲಿಶ್. ರಾಜ್ಯೋತ್ಸವ ದಾಟಿಹೋಗುತ್ತಿತ್ತು. ಅವನು ಕಾಯುತ್ತಿದ್ದ ನೆಪ ತಾನಾಗೇ ಕೈಗೆ ಬಂದಿತ್ತು, ಯಾರೂ ಅವನನ್ನು ದೂರುವ ಹಾಗೂ ಇರಲಿಲ್ಲ. ಅಪ್ಪ ಎದ್ದ. ಗನ್ನು ತೊಳೆದು ಮೊಳೆಗೆ ಸಿಗಿಸಿದ. “ಹಂಗೇ ಒಣಗ್ಲಿ” ಅಂದ. ಸೂಜಿಮೊನೆಯಷ್ಟು ಧೂಳಿಗೆ ಬೀರು ತಡೆಯುತ್ತಿದ್ದ ಮನುಷ್ಯ.

ಬಣ್ಣ ಗಟ್ಟಿಯಾದ ಮೇಲೆ ಮನೆಮಂದಿಯೆಲ್ಲ ಕೂತು ತಿಕ್ಕಿದೆವು. ಅತಿ ನಯದ ಕಾಗದದಿಂದ ನೀರು ಹಾಕಿ ಹಾಕಿ ಮೊದಲು ಮಂಕು ಮಾಡಿ, ಆಮೇಲೆ ಬಿಳಿ ಪೇಸ್ಟು ಹಚ್ಚಿ ಹಳೇ ಹತ್ತಿ ಬಟ್ಟೆಯಿಂದ ಉಜ್ಜುವುದು. ಅಜ್ಜಿಯ ಸವೆದ ಸೀರೆಯಷ್ಟು ಮೆತ್ತನೆ ಬಟ್ಟೆ ಬೇರೆ ಇರಲಿಲ್ಲ, ಅವಳೇ ಹರಿದು ಕೊಟ್ಟಳು. ಉಜ್ಜಿದಂತೆಲ್ಲ ಕರಿ ಮೈಯೊಳಗಿಂದ ಪಡಸಾಲೆಯ ಹಂಚು, ಗೋಣಿಚೀಲ, ನಮ್ಮ ಮುಖಗಳು ಒಂದೊಂದಾಗಿ ಎದ್ದು ಬಂದವು. ನಾನು ಕಿಸಿದೆ. ಉಬ್ಬು ಹಲ್ಲು ಉಬ್ಬಾಗಿಯೇ ಕಂಡಿತು. ಆದರೆ ಮೂಲೆಯ ಕುಳಿಗಳಲ್ಲಿ ಬಿಳಿ ಪೇಸ್ಟು ತುಂಬಿಕೊಂಡು ಒಣಗಿತ್ತು. ಕರಿ ಗಿಟಾರಿನ ಮೇಲೆ ಮೂರು ಬಿಳಿ ಗೆರೆ. ಅಜ್ಜಿ ಒರೆಸಿದ್ದ ವಿಭೂತಿ ಹಾಗೇ ವಾಪಸ್ ಬಂದು ಕೂತಂತಿತ್ತು. ಅಪ್ಪ ಸೂಜಿ ತರಿಸಿ ಒಂದು ಕುಳಿಯಿಂದ ಬಿಳಿ ಕೆದಕಿದ. ಎರಡನೆಯದಕ್ಕೆ ಸೂಜಿ ಇಟ್ಟವನು ಕೈ ಹಿಂದಕ್ಕೆ ತಗೊಂಡ. ಅಜ್ಜಿ ಕೂರುವ ಜಗಲಿ ಕಡೆ ನೋಡಿದ. ಸೂಜಿಯನ್ನು ನನ್ನ ಕೈಗೆ ಕೊಟ್ಟು, “ಒಳಗಿಡು ಹೋಗು, ಕಾಲಿಗೆ ಚುಚ್ಚೀತು” ಅಂದ. ತಂತಿಗಳನ್ನು ಅವನೇ ಏರಿಸಿದ, ಅಕ್ಕ ಹೇಳಿಕೊಟ್ಟಂತೆ.

ಹೊನ್ನಾಳಿಗೆ ನಾವೆಲ್ಲ ಬಸ್ಸಲ್ಲಿ ಹೋದೆವು, ಅಜ್ಜಿಯೂ. ದಾರಿಯುದ್ದಕ್ಕೂ ಬೈದಳು, ಸ್ಟೇಜಿನ ಮುಂದೆ ಮೊದಲ ಸಾಲಲ್ಲಿ ಸೆರಗು ಹೊದ್ದು ಕೂತಳು. ಲೈಟು ಬಿದ್ದಾಗ ಗಿಟಾರು ಹೊಳೆದದ್ದು ಕಂಡು ರಹಮತ್ ಮಾಮ ಸ್ಟೇಜಿನ ಅಂಚಿಗೇ ಬಂದರು.

“ಮಾಶಾ ಅಲ್ಲಾ! ಆಯ್ನಾ, ಕನ್ನಡಿ ಆಗೇತಲ್ರೀ! ಈ ಮೂಲೆಯಾಗೆ ಏನೋ ಬಿಳೀದು ಉಳಿದೈತೆ ನೋಡ್ರಿ, ಒರೆಸ್ಲಾ?”

“ಇರ್ಲಿ ಬಿಡ್ರಿ” ಅಂದ ಅಪ್ಪ. “ನಮ್ಮವ್ವ ಹಚ್ಚಿದ್ದು.”

ಅಕ್ಕ ನುಡಿಸಿದಳು. ಜನ ಏನೇನು ಅಂದರೋ ನನಗೆ ನೆನಪಿಲ್ಲ, ಅಪ್ಪ ಕೇಳಿಸಿಕೊಂಡ ಹಾಗೂ ಕಾಣಲಿಲ್ಲ. ಅವನು ಅಕ್ಕನನ್ನೇ ನೋಡುತ್ತಿದ್ದ. ಆ ದಿನ ಮೊದಲ ಸಲ ಹೊಳಪನ್ನು ನೋಡಲಿಲ್ಲ ಅವನು.

ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ. ಗನ್ನು ನನ್ನ ಕೈಗೆ ಬಂದು ಬಹಳ ವರ್ಷವಾಯಿತು. ನ್ಯಾಮತಿ ತಾಲೂಕು ಆಗಿದೆ, ಹಿತ್ತಲಲ್ಲಿ ಬೀರಿಗಿಂತ ಬೈಕುಗಳೇ ಹೆಚ್ಚು. ಅಕ್ಕ ಚನ್ನಗಿರಿಯಲ್ಲಿ ಮಕ್ಕಳಿಗೆ ಗಿಟಾರು ಕಲಿಸುತ್ತಾಳೆ. ಹೋದ ಬೇಸಿಗೆಯಲ್ಲಿ ಅದೇ ಗಿಟಾರು ಹೊತ್ತು ಬಂದಳು. ಹಳೇ ಬಿರುಕು ಮತ್ತೆ ಬಾಯಿ ಬಿಟ್ಟಿತ್ತು, ಬಣ್ಣ ಚಕ್ಕೆ ಏಳುತ್ತಿತ್ತು. ಪೂರ್ತಿ ಕೆರೆಯದೆ ವಿಧಿಯಿರಲಿಲ್ಲ. ಆ ಮೂಲೆಯನ್ನು ಕೆರೆಯುವಾಗ ನನಗೆ ಅಳು ಬಂತು, ಧೂಳು ಅಂದುಕೊಂಡು ಮುಖ ಒರೆಸಿಕೊಂಡೆ. ಅಕ್ಕ ನೋಡಿದಳು.

ಅಪ್ಪ ಮಾಡಿದಂತೆಯೇ ಎಲ್ಲ ಮಾಡಿದೆ. ಪುಟ್ಟಿ, ಅಸ್ತರು, ನೀರು, ಕರಿ ಬಣ್ಣ. ಕಡೇ ಪದರದ ಬೆಳಗ್ಗೆ ಗಾಳಿ ಇರಲಿಲ್ಲ, ಗನ್ನು ತುಂಬಿ ರೆಡಿ ಮಾಡಿಕೊಂಡೆ. ಗಿಟಾರಿನ ಮೈ ಓರೆ ಮಾಡಿ ನೋಡಿದೆ, ಒಂದು ಚುಕ್ಕೆ ತಪ್ಪಿಲ್ಲ. ಗನ್ನು ಕೆಳಗಿಟ್ಟು ಒಳಗೆ ಹೋದೆ. ದೀಪದ ಬತ್ತಿ ಮುಂದೆ ಮಾಡಿದೆ, ಎಣ್ಣೆ ಕೈಗೆ ವಿಭೂತಿ ಒತ್ತಿಕೊಂಡು ಬಂದು ಕೆಳಗಿನ ಬಲಮೂಲೆಯಲ್ಲಿ ಮೂರು ಬೆರಳು ಎಳೆದೆ. ಸೆರಗಿನಿಂದ ಒರೆಸಿದೆ. ಆಮೇಲೆ ಹೊಡೆದೆ. ಬಣ್ಣ ಹರಡಿಕೊಂಡಿತು, ಅಲ್ಲಿ ಬಂದು ತಡೆಯಿತು, ಒಂದೊಂದೇ ಕಣ್ಣು ಬಿಟ್ಟಿತು. ಅಕ್ಕ ನನ್ನ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಅಡುಗೆಮನೆ ಕಿಟಕಿಯಲ್ಲಿ ಅವ್ವನ ಮುಖ ಕಂಡಿತು. ಕೈಯಲ್ಲಿ ಸೌಟು.

“ಮುಗೀತೇನೇ? ಒಗ್ಗರಣೆ ಹಾಕ್ಲಾ?”

“ಹಾಕವ್ವ” ಅಂದೆ.